ಬೌಂಟಿ ಹಡಗು: ಕಡಲಿನಲ್ಲಿ ಒಮ್ಮೆ, ಪರದೆಯ ಮೇಲೆ ಐದು ಸಲ

ಸಮುದ್ರವನ್ನು ಕಣ್ಣಾರೆ ಕಾಣದವರೂ ಹಾಯಿಹಡಗನ್ನು ಕಂಡಿರುತ್ತಾರೆ, ಸಿನಿಮಾದಲ್ಲಿ ಕಂಡಿರುತ್ತಾರೆ. ಕತ್ತಲೆ ಕವಿದ ಚಿತ್ರಮಂದಿರ, ಪರದೆಯ ತುಂಬ ನೀಲಿ ನೀರು, ಗಾಳಿ ತುಂಬಿ ಉಬ್ಬಿದ ಹಾಯಿಗಳು, ಹಾಯಿಕಂಬದ ನೆತ್ತಿಯಲ್ಲಿ ನಿಂತು ದಿಗಂತವನ್ನು ಅರಸುವ ಒಬ್ಬ ನಾವಿಕ. ಇಷ್ಟಾದರೆ ಸಾಕು, ನಾವು ಇನ್ನೂರು ವರ್ಷ ಹಿಂದಕ್ಕೆ ಹೋಗಿಬಿಡುತ್ತೇವೆ. ಮನೆಗೆ ಮರಳಿದ ಮೇಲೆ, ಕಂಡದ್ದು ಇತಿಹಾಸವೋ ಕಥೆಯೋ ಎಂದು ಕೇಳಿಕೊಳ್ಳುವವರು ವಿರಳ. ಕಣ್ಣು ಕಂಡದ್ದನ್ನು ಮನಸ್ಸು ಸಾಮಾನ್ಯವಾಗಿ ಸಂಶಯಿಸುವುದಿಲ್ಲ.

ಹೀಗೆ ಸಂಶಯಿಸದೆ ಹೋದುದರಿಂದ ಸತ್ತವನೊಬ್ಬನಿಗೆ ಎಂಥ ಅನ್ಯಾಯವಾಗಬಹುದು, ಮತ್ತು ಆ ಅನ್ಯಾಯವನ್ನು ಸರಿಪಡಿಸುವ ಭರದಲ್ಲಿ ಇನ್ನೂ ಎಷ್ಟು ಮಂದಿ ಮರೆತುಹೋಗಬಹುದು ಎಂಬುದಕ್ಕೆ ಬೌಂಟಿ ಎಂಬ ಹಡಗಿನ ಕಥೆ ಒಳ್ಳೆಯ ನಿದರ್ಶನ. ಇದು ಇಂಗ್ಲೆಂಡಿನ ನೌಕಾಪಡೆಗೆ ಸೇರಿದ ಒಂದು ಪುಟ್ಟ ಹಡಗು. ಉದ್ದ ಸುಮಾರು 90 ಅಡಿ. ಹಲ್ ಬಂದರಿನಲ್ಲಿ 1784ರಲ್ಲಿ ವ್ಯಾಪಾರಕ್ಕೆಂದು ಕಟ್ಟಿದ್ದನ್ನು ನೌಕಾಪಡೆ 1787ರಲ್ಲಿ ಕೊಂಡಿತು. ಅದು ಯಾವ ಯುದ್ಧವನ್ನೂ ಗೆಲ್ಲಲಿಲ್ಲ. ಆದರೂ ಅದರ ಕಥೆ 1916, 1933, 1935, 1962 ಮತ್ತು 1984ರಲ್ಲಿ, ಐದು ಸಲ ಚಲಚ್ಚಿತ್ರವಾಯಿತು. ಸಮುದ್ರದ ಮೇಲೆ ಬೌಂಟಿ ಬದುಕಿದ್ದು ಆರು ವರ್ಷಗಳಿಗಿಂತ ಕಡಿಮೆ. ಪರದೆಯ ಮೇಲೆ ಅದರ ಬಾಳು ನೂರು ವರ್ಷಗಳನ್ನು ದಾಟಿದೆ.

ಮೊದಲು ನಡೆದ ಸಂಗತಿಯನ್ನು ನೋಡೋಣ. ಈ ಹಡಗು ಹೊರಟದ್ದು ಚಿನ್ನಕ್ಕಾಗಿ ಅಲ್ಲ, ರಾಜ್ಯಕ್ಕಾಗಿಯೂ ಅಲ್ಲ; ಒಂದು ಗಿಡಕ್ಕಾಗಿ. ನಮ್ಮ ಕರಾವಳಿಯವರು ಜೀಗುಜ್ಜೆಯೆಂದೂ, ಇತರರು ದೀವಿಹಲಸು ಎಂದೂ ಕರೆಯುವ ಮರ ಅದು. ದಕ್ಷಿಣ ಕನ್ನಡದ ಮನೆಗಳಲ್ಲಿ ಅದರ ಪಲ್ಯ, ಪೋಡಿಗಳ ರುಚಿ ಕಂಡವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳ ಒಡೆಯರಿಗೆ ತಮ್ಮ ಗುಲಾಮರಿಗಾಗಿ ಅಗ್ಗದ ಆಹಾರವೊಂದು ಬೇಕಾಗಿತ್ತು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಿಂದ ಅಲ್ಲಿಂದ ಬರುತ್ತಿದ್ದ ಧಾನ್ಯ ನಿಂತುಹೋಗಿತ್ತು; ಚಂಡಮಾರುತಗಳು ಬಾಳೆಯ ತೋಟಗಳನ್ನು ನೆಲಸಮ ಮಾಡಿದ್ದವು; ಜಮೈಕಾದಲ್ಲಿ ಸಾವಿರಾರು ಗುಲಾಮರು ಹಸಿವಿನಿಂದ ಸತ್ತಿದ್ದರು. ಟಹಿಟಿ ದ್ವೀಪದಲ್ಲಿ ಒಮ್ಮೆ ನೆಟ್ಟರೆ ವರ್ಷವರ್ಷವೂ ಫಲ ಕೊಡುವ ಈ ಮರವನ್ನು ತಂದು ಅಲ್ಲಿ ನೆಟ್ಟರೆ ಹೇಗೆ ಎಂಬ ಯೋಚನೆಗೆ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಬೆಂಬಲವಾಗಿ ನಿಂತ. ಬೌಂಟಿ ಸಿದ್ಧವಾದುದು ಹೀಗೆ.

ಗಿಡಗಳಿಗೆ ಸ್ಥಳ ಬೇಕಲ್ಲವೆ? ಹಡಗಿನ ಹಿಂಭಾಗದ ವಿಶಾಲವಾದ ಕೋಣೆ ಕಪ್ತಾನನದು. ಅದನ್ನು ಅವನಿಂದ ಕಸಿದುಕೊಂಡು, ನೆಲಕ್ಕೆ ಸೀಸದ ತಗಡು ಹೊದಿಸಿ, ಕುಂಡಗಳನ್ನು ಸಾಲಾಗಿ ನಿಲ್ಲಿಸುವ ಸಸ್ಯಶಾಲೆಯನ್ನಾಗಿ ಮಾಡಿದರು. ಕಪ್ತಾನನಿಗೆ ಒಂದು ಗೂಡಿನಂಥ ಕೋಣೆ ದೊರೆಯಿತು. ಉಳಿದವರು ಇನ್ನಷ್ಟು ಒತ್ತೊತ್ತಾಗಿ ಇರಬೇಕಾಯಿತು. ಶಿಸ್ತನ್ನು ಕಾಯಲು ನೌಕಾಸೈನಿಕರ ತುಕಡಿಯೊಂದು ಹಡಗಿನಲ್ಲಿರುವುದು ವಾಡಿಕೆ; ಬೌಂಟಿಯಲ್ಲಿ ಅವರು ಒಬ್ಬರೂ ಇರಲಿಲ್ಲ. ರಾಜಮುದ್ರೆಯ ನೇಮಕ ಪಡೆದ ಅಧಿಕಾರಿಯೆಂದರೆ ಕಪ್ತಾನನೊಬ್ಬನೇ. ಅವನೂ ಪದವಿಯಲ್ಲಿ ಕಪ್ತಾನನಲ್ಲ, ಲೆಫ್ಟಿನೆಂಟ್ ಮಾತ್ರ. ಅವನೇ ವಿಲಿಯಂ ಬ್ಲೈ. ಜೇಮ್ಸ್ ಕುಕ್ಕನ ಮೂರನೆಯ ಯಾತ್ರೆಯಲ್ಲಿ ನೌಕಾಮಾರ್ಗದ ಹೊಣೆ ಹೊತ್ತಿದ್ದ ನಿಪುಣ. ಸಾಲದುದಕ್ಕೆ, ಹಡಗಿನ ಉಗ್ರಾಣದ ಲೆಕ್ಕವೂ ಅವನದೇ. ಆಜ್ಞೆ ಮಾಡುವವನೂ ಅವನೇ, ಅನ್ನ ಅಳೆಯುವವನೂ ಅವನೇ. ಒಂದೇ ಕೈಯಲ್ಲಿ ಅಧಿಕಾರ ಮತ್ತು ತಕ್ಕಡಿ ಸೇರಿದಲ್ಲಿ ಸಂಶಯ ಹುಟ್ಟಲು ತಡವಾಗದು.

1787ರ ಡಿಸೆಂಬರ್ 23ರಂದು ಬೌಂಟಿ ಇಂಗ್ಲೆಂಡಿನ ತೀರವನ್ನು ಬಿಟ್ಟಿತು. ಹಡಗಿನಲ್ಲಿದ್ದವರು 46 ಮಂದಿ. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ಸುತ್ತಿಹೋಗಲು ವಾರಗಟ್ಟಲೆ ಬಿರುಗಾಳಿಯೊಡನೆ ಸೆಣಸಿ, ಸೋತು, ಹಿಂದಿರುಗಿ, ಆಫ್ರಿಕದ ಕಡೆಯಿಂದ ಸುತ್ತು ಹಾಕಿ 1788ರ ಅಕ್ಟೋಬರ್ 26ರಂದು ಟಹಿಟಿಯನ್ನು ಮುಟ್ಟಿತು. ಸಸಿಗಳು ಬೇರೂರಿ ಪ್ರಯಾಣಕ್ಕೆ ಒದಗುವವರೆಗೆ ಐದು ತಿಂಗಳು ಅಲ್ಲಿಯೇ ನಿಲ್ಲಬೇಕಾಯಿತು. ಹತ್ತು ತಿಂಗಳು ಉಪ್ಪುಮಾಂಸ, ಒಣರೊಟ್ಟಿಗಳಲ್ಲಿ ಬಾಳಿದ್ದವರಿಗೆ ಆ ಐದು ತಿಂಗಳು ಹೇಗಿದ್ದಿರಬೇಕೆಂಬುದನ್ನು ಊಹಿಸಬಹುದು. ಕೆಲವರು ಅಲ್ಲಿ ಸಂಸಾರವನ್ನೇ ಹೂಡಿದರು. ಏಪ್ರಿಲಿನಲ್ಲಿ 1,015 ಸಸಿಗಳನ್ನು ಹೊತ್ತು ಹಡಗು ಹೊರಟಾಗ, ಸಸಿಗಳು ಬೇರು ಬಿಟ್ಟಿದ್ದವು. ಮನುಷ್ಯರೂ ಬೇರು ಬಿಟ್ಟಿದ್ದರು.

ಹೊರಟ ಮೂರು ವಾರಗಳಲ್ಲಿ ಜಗಳವೊಂದು ಎದ್ದಿತು. ಕಾರಣ, ತೆಂಗಿನಕಾಯಿ. ತನ್ನ ರಾಶಿಯಿಂದ ಕೆಲವು ಕಾಯಿಗಳು ಕಡಿಮೆಯಾಗಿವೆಯೆಂದು ಬ್ಲೈ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಿಸಿದ; ತನ್ನ ಕೈಕೆಳಗಿನ ಫ್ಲೆಚರ್ ಕ್ರಿಶ್ಚಿಯನ್ನನನ್ನು ಎಲ್ಲರೆದುರಿನಲ್ಲಿ ಕಳ್ಳನೆಂದು ಕರೆದ. ಇವನೇನು ಅಪರಿಚಿತನೆ? ಹಿಂದೆ ಬ್ಲೈಯೊಡನೆ ವೆಸ್ಟ್ ಇಂಡೀಸಿಗೆ ಹೋಗಿಬಂದವನು, ಅವನ ಮನೆಯಲ್ಲಿ ಉಂಡವನು, ಅವನಿಂದಲೇ ಮೇಲಕ್ಕೆ ಬಂದವನು. ಬ್ಲೈಗೆ ಆಗ 34 ವರ್ಷ, ಕ್ರಿಶ್ಚಿಯನ್ನನಿಗೆ 24. ಮರುದಿನ, 1789ರ ಏಪ್ರಿಲ್ 28ರ ಬೆಳಗಿನ ಜಾವ, ಕ್ರಿಶ್ಚಿಯನ್ ಕೆಲವರನ್ನು ಕೂಡಿಕೊಂಡು ಮಲಗಿದ್ದ ಬ್ಲೈಯನ್ನು ಕಟ್ಟಿ ಮೇಲಕ್ಕೆಳೆದು ತಂದ. ಬ್ಲೈಯನ್ನೂ ಅವನ ಪಕ್ಷದ 18 ಮಂದಿಯನ್ನೂ 23 ಅಡಿ ಉದ್ದದ ದೋಣಿಯೊಂದಕ್ಕೆ ಇಳಿಸಿ ನಡುಗಡಲಿನಲ್ಲಿ ಬಿಟ್ಟರು. ಬರಬೇಕೆಂದವರು ಇನ್ನೂ ಕೆಲವರಿದ್ದರು, ದೋಣಿಯಲ್ಲಿ ಸ್ಥಳವಿರಲಿಲ್ಲ. ಸಸಿಗಳು ಸಮುದ್ರದ ಪಾಲಾದವು.

ಆಮೇಲೆ ನಡೆದುದು ನೌಕಾಯಾನದ ಇತಿಹಾಸದ ಒಂದು ಅದ್ಭುತ. ಭೂಪಟವಿಲ್ಲ, ಬಂದೂಕಿಲ್ಲ, ಐದು ದಿನಗಳಿಗಾಗುವಷ್ಟು ಆಹಾರ. ನೀರಿನ ಮಟ್ಟಕ್ಕೂ ದೋಣಿಯ ಅಂಚಿಗೂ ಒಂದು ಗೇಣಿಗಿಂತ ಕಡಿಮೆ ಅಂತರ. ಮೊದಲು ಮುಟ್ಟಿದ ಟೊಫುವಾ ದ್ವೀಪದಲ್ಲಿ ಒಬ್ಬನನ್ನು ಅಲ್ಲಿನವರು ಕೊಂದರು. ಉಳಿದ 18 ಮಂದಿಗೆ ತೆಂಗಿನ ಕರಟಗಳಿಂದ ತಕ್ಕಡಿ ಮಾಡಿ, ಬಂದೂಕಿನ ಗುಂಡನ್ನು ತೂಕದ ಕಲ್ಲಾಗಿಟ್ಟು, ದಿನದಿನವೂ ರೊಟ್ಟಿಯ ಚೂರುಗಳನ್ನು ತೂಗಿ ಹಂಚುತ್ತ ಬ್ಲೈ 3,600ಕ್ಕೂ ಹೆಚ್ಚು ನೌಕಾಮೈಲಿಗಳನ್ನು ದಾಟಿಸಿದ. ಜೂನ್ 14ರಂದು ತಿಮೋರಿನ ಕುಪಾಂಗ್ ಬಂದರಿಗೆ ಅಷ್ಟು ಮಂದಿಯನ್ನೂ ಜೀವಸಹಿತ ತಂದು ಮುಟ್ಟಿಸಿದ. ಹಡಗಿನ ಮೇಲೆ ದ್ವೇಷಕ್ಕೆ ಕಾರಣವಾದ ಆ ತಕ್ಕಡಿಯ ಬುದ್ಧಿಯೇ ದೋಣಿಯಲ್ಲಿ ಪ್ರಾಣಗಳನ್ನು ಉಳಿಸಿತು. ಒಬ್ಬ ಮನುಷ್ಯನ ದೋಷ ಮತ್ತು ಗುಣ ಎಷ್ಟೋ ವೇಳೆ ಎರಡಲ್ಲ. ಒಂದೇ ಸ್ವಭಾವದ ಎರಡು ಮುಖಗಳು.

ಇಂಥ ಬ್ಲೈ ಸಿನಿಮಾದಲ್ಲಿ ಏನಾದ? 1935ರ ಚಿತ್ರವನ್ನು ನೋಡಿ. ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯ ನಿರ್ಮಾಣ, ಫ್ರಾಂಕ್ ಲಾಯ್ಡ್ ನಿರ್ದೇಶನ. ಬ್ಲೈಯಾಗಿ ಚಾರ್ಲ್ಸ್ ಲಾಟನ್, ಕ್ರಿಶ್ಚಿಯನ್ನನಾಗಿ ಕ್ಲಾರ್ಕ್ ಗೇಬಲ್. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆಯಿತು. ಇವರಿಬ್ಬರ ಜೊತೆಗೆ ಫ್ರಾಂಚೊ ಟೋನ್ ಕೂಡ ಅತ್ಯುತ್ತಮ ನಟನ ಸ್ಪರ್ಧೆಗೆ ನಿಂತು, ಮೂವರೂ ಸೋತದ್ದು ಚಿತ್ರರಂಗದ ಒಂದು ಸ್ವಾರಸ್ಯ. ಲಾಟನ್ನನ ಅಭಿನಯ ಮರೆಯುವಂಥದಲ್ಲ. ತುಟಿಯನ್ನು ಮುಂದಕ್ಕೆ ಚಾಚಿ, ಹುಬ್ಬು ಗಂಟಿಕ್ಕಿ ಅವನು ಹಡಗಿನ ಮೇಲೆ ನಡೆದುಬಂದರೆ ನೋಡುವವರಿಗೇ ಬೆನ್ನು ಚುರುಗುಟ್ಟುತ್ತದೆ. ಆ ಚಿತ್ರದಲ್ಲಿ ಸತ್ತುಹೋದವನ ಹೆಣಕ್ಕೂ ಚಾವಟಿಯ ಏಟು ಬೀಳುತ್ತದೆ. ಮನುಷ್ಯನನ್ನು ಹಗ್ಗಕ್ಕೆ ಕಟ್ಟಿ ಹಡಗಿನ ತಳದಡಿಯಲ್ಲಿ ಎಳೆಯುವ ಶಿಕ್ಷೆಯೂ ನಡೆಯುತ್ತದೆ. ದಂಗೆಕೋರರನ್ನು ಹಿಡಿಯಲು ಹೋದ ಪಂಡೋರಾ ಎಂಬ ಹಡಗಿಗೂ ಬ್ಲೈಯೇ ಕಪ್ತಾನನಾಗಿ ಹೋಗಿ ಅದನ್ನು ಬಂಡೆಗೆ ಬಡಿಯುತ್ತಾನೆ.

ಇವುಗಳಲ್ಲಿ ಒಂದೂ ನಡೆದುದಲ್ಲ. ಹೆಣಕ್ಕೆ ಹೊಡೆದ ಸಂಗತಿ ಬೌಂಟಿಯ ದಿನಚರಿಯಲ್ಲಿಲ್ಲ; ತಳದಡಿಯಲ್ಲಿ ಎಳೆಸಿದುದೂ ಇಲ್ಲ. ಪಂಡೋರಾದ ಕಪ್ತಾನ ಎಡ್ವರ್ಡ್ ಎಡ್ವರ್ಡ್ಸ್ ಎಂಬವನು. ಟಹಿಟಿಯಲ್ಲಿ ಸಿಕ್ಕ 14 ಮಂದಿಯನ್ನು ಪೆಟ್ಟಿಗೆಯಂಥ ಪಂಜರದಲ್ಲಿ ಸಂಕೋಲೆ ತೊಡಿಸಿ ಇಟ್ಟವನು ಅವನು. 1791ರ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಹವಳದ ದಿಬ್ಬಕ್ಕೆ ಬಡಿದು ಪಂಡೋರಾ ಮುಳುಗಿದಾಗ ಸೆರೆಯಾಳುಗಳಲ್ಲಿ ನಾಲ್ವರೂ ನಾವಿಕರಲ್ಲಿ 31 ಮಂದಿಯೂ ಸತ್ತರು. ಬ್ಲೈ ಆಗ ಬೇರೊಂದು ಹಡಗಿನಲ್ಲಿದ್ದ. ಇನ್ನು ಚಾವಟಿಯ ಮಾತು. ಆಸ್ಟ್ರೇಲಿಯದ ಇತಿಹಾಸಕಾರ ಗ್ರೆಗ್ ಡೆನಿಂಗ್ 1992ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಆ ಕಾಲದಲ್ಲಿ ಪೆಸಿಫಿಕ್ ಸಾಗರಕ್ಕೆ ಬಂದ ಇಂಗ್ಲಿಷ್ ಹಡಗುಗಳ ದಿನಚರಿಗಳನ್ನು ಎಣಿಸಿ ನೋಡಿದ. ಚಾವಟಿಯ ಏಟು ತಿಂದವರು ವ್ಯಾಂಕೂವರನ ಹಡಗಿನಲ್ಲಿ ಶೇಕಡಾ 45, ಕುಕ್ಕನ ಮೂರನೆಯ ಯಾತ್ರೆಯಲ್ಲಿ ಶೇಕಡಾ 37. ಬೌಂಟಿಯಲ್ಲಿ ಶೇಕಡಾ 19. ದಯಾಳುವೆಂದು ಖ್ಯಾತನಾದ ಕುಕ್ಕನಿಗಿಂತ ರಾಕ್ಷಸನೆಂದು ಕುಖ್ಯಾತನಾದ ಬ್ಲೈ ಚಾವಟಿಯನ್ನು ಕಡಿಮೆ ಬಳಸಿದ್ದ.

ಹಾಗಾದರೆ ದಂಗೆ ಏಕೆ ಎದ್ದಿತು? ಬ್ಲೈಯ ಚಾವಟಿ ಅವನ ಕೈಯಲ್ಲಿರಲಿಲ್ಲ, ನಾಲಗೆಯಲ್ಲಿತ್ತು. ಹೊಡೆದವನನ್ನು ನಾವಿಕ ಮರೆತಾನು; ಹತ್ತು ಮಂದಿಯ ಎದುರಿನಲ್ಲಿ ಮಾನ ಕಳೆದವನನ್ನು ಮರೆಯಲಾರ. ಆದರೆ ಇದನ್ನು ಕ್ಯಾಮೆರಾದಲ್ಲಿ ತೋರಿಸುವುದು ಕಷ್ಟ. ಚಾವಟಿ ಕಾಣುತ್ತದೆ, ರಕ್ತ ಕಾಣುತ್ತದೆ. ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಕುದಿದ ಮನಸ್ಸು ಕಾಣುವುದಿಲ್ಲ. ಕಾಣದುದನ್ನು ಕಾಣಿಸಲು ಸಿನಿಮಾ ಒಬ್ಬ ಖಳನನ್ನು ಹುಡುಕುತ್ತದೆ. ಈ ಖಳನನ್ನು ಮೊದಲು ಸೃಷ್ಟಿಸಿದುದು ಹಾಲಿವುಡ್ ಅಲ್ಲವೆಂಬುದನ್ನೂ ಹೇಳಬೇಕು. 1792ರಲ್ಲಿ ಹತ್ತು ಮಂದಿಯ ಮೇಲೆ ನೌಕಾನ್ಯಾಯಾಲಯದಲ್ಲಿ ವಿಚಾರಣೆ ನಡೆದು, ಆರು ಮಂದಿ ತಪ್ಪಿತಸ್ಥರೆನಿಸಿ, ಮೂವರು ಗಲ್ಲಿಗೇರಿದರು. ಕ್ಷಮೆ ಪಡೆದ ಪೀಟರ್ ಹೇವುಡ್ಡನ ಮನೆಯವರು ಪ್ರಭಾವಶಾಲಿಗಳು. ಕ್ರಿಶ್ಚಿಯನ್ನನ ಅಣ್ಣ ಎಡ್ವರ್ಡ್ ಕಾನೂನು ಪಂಡಿತ. ಆತ 1794ರಲ್ಲಿ ವಿಚಾರಣೆಯ ವರದಿಗೆ ಅನುಬಂಧವೊಂದನ್ನು ಸೇರಿಸಿ, ತಪ್ಪೆಲ್ಲ ಬ್ಲೈಯ ಬಾಯಿಯದೆಂದು ಜನರಿಗೆ ಮನದಟ್ಟು ಮಾಡಲು ಯತ್ನಿಸಿದ. ವಿಚಾರಣೆಯ ಕಾಲದಲ್ಲಿ ಬ್ಲೈ ಮತ್ತೆ ಜೀಗುಜ್ಜೆಗಾಗಿ ಪೆಸಿಫಿಕ್ಕಿಗೆ ಹೋಗಿದ್ದುದರಿಂದ ಅವನ ಪರವಾಗಿ ಮಾತನಾಡುವವರೇ ಇರಲಿಲ್ಲ. ಮುಂದೆ 1932ರಲ್ಲಿ ನಾರ್ಡಾಫ್ ಮತ್ತು ಹಾಲ್ ಎಂಬ ಇಬ್ಬರು ಲೇಖಕರು ಬರೆದ ಕಾದಂಬರಿ ಹೇವುಡ್ಡನನ್ನೇ ಬೇರೆ ಹೆಸರಿನಿಂದ ಕಥೆಗಾರನನ್ನಾಗಿ ಮಾಡಿಕೊಂಡಿತು. 1935ರ ಚಿತ್ರ ಆ ಕಾದಂಬರಿಯ ಮೇಲೆ ನಿಂತಿತು. ಒಂದು ಪಕ್ಷದ ವಕಾಲತ್ತು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇತಿಹಾಸದ ಪೀಠದಲ್ಲಿ ಕುಳಿತಿತು.

ಪ್ರತಿಯೊಂದು ಕಾಲವೂ ತನಗೆ ಬೇಕಾದ ಬೌಂಟಿಯನ್ನು ಕಟ್ಟಿಕೊಂಡಿತೆನ್ನುವುದು ಈ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ತಿಳಿಯುತ್ತದೆ. 1916ರಲ್ಲಿ ರೇಮಂಡ್ ಲಾಂಗ್‌ಫರ್ಡ್ ತೆಗೆದ ಮೂಕಚಿತ್ರದ ಪ್ರತಿ ಉಳಿದಿಲ್ಲ. 1933ರಲ್ಲಿ ಆಸ್ಟ್ರೇಲಿಯದ ಚಾರ್ಲ್ಸ್ ಶೊವೆಲ್ ತೆಗೆದ ಚಿತ್ರದಲ್ಲಿ ಕ್ರಿಶ್ಚಿಯನ್ನನಾದವನು ಆಗಿನ್ನೂ ಅನಾಮಧೇಯನಾಗಿದ್ದ ಎರೋಲ್ ಫ್ಲಿನ್. 1935ರ ಚಿತ್ರ ಆರ್ಥಿಕ ಮುಗ್ಗಟ್ಟಿನ ಕಾಲದ್ದು. ಕೆಲಸ ಕಳೆದುಕೊಂಡು ನೊಂದಿದ್ದ ಜನಕ್ಕೆ ದರ್ಪದ ಯಜಮಾನನನ್ನು ದೋಣಿಗಿಳಿಸುವ ದೃಶ್ಯ ಎಷ್ಟು ಹಿತವಾಗಿದ್ದಿರಬೇಕು! 1962ರ ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ಶ್ರೀಮಂತಿಕೆಯ ನಯನಾಜೂಕಿನ ಕ್ರಿಶ್ಚಿಯನ್. ಐವತ್ತರ ಸಮೀಪದ ಟ್ರೆವರ್ ಹವರ್ಡ್ ಒರಟು ಬ್ಲೈ. ಅದು ಎರಡು ವರ್ಗಗಳ ಜಗಳವಾಯಿತು. ಅಲ್ಲಿ ಕ್ರಿಶ್ಚಿಯನ್, ಉರಿಯುವ ಹಡಗಿನಿಂದ ದಿಕ್ಕು ಅಳೆಯುವ ಉಪಕರಣವನ್ನು ಉಳಿಸಲು ಹೋಗಿ ಸುಟ್ಟು ಸಾಯುತ್ತಾನೆ. ಇದೂ ನಡೆದುದಲ್ಲ. 1984ರಲ್ಲಿ ರೋಜರ್ ಡೊನಾಲ್ಡ್‌ಸನ್ ನಿರ್ದೇಶಿಸಿದ ಚಿತ್ರವೇ ಸತ್ಯಕ್ಕೆ ಹೆಚ್ಚು ಹತ್ತಿರ. ಅದರಲ್ಲಿ ಆಂಥೊನಿ ಹಾಪ್‌ಕಿನ್ಸ್ ಬ್ಲೈ, ಮೆಲ್ ಗಿಬ್ಸನ್ ಕ್ರಿಶ್ಚಿಯನ್. ಹಡಗನ್ನು ಕಳೆದುಕೊಂಡುದಕ್ಕಾಗಿ ಬ್ಲೈ ವಿಚಾರಣೆಗೆ ನಿಂತು ತನ್ನ ಕಥೆಯನ್ನು ನೆನೆಯುತ್ತಾನೆ. ಖಳನಾಯಕ, ನಾಯಕ ಎಂಬ ಎಣಿಕೆ ಅಲ್ಲಿ ಹಿಂದಕ್ಕೆ ಸರಿದು, ಮುರಿದುಹೋದ ಸ್ನೇಹವೊಂದು ಮುಂದೆ ಬರುತ್ತದೆ.

ಸಿನಿಮಾವನ್ನು ಬರಿದೆ ದೂರುವುದು ನನ್ನ ಉದ್ದೇಶವಲ್ಲ. ಪುಸ್ತಕ ಕೊಡಲಾರದ ಜ್ಞಾನವೊಂದನ್ನು ಅದು ಕೊಡುತ್ತದೆ. ಬೆನ್ನು ಬಗ್ಗಿಸಿಯೇ ನಡೆಯಬೇಕಾದ ಕೆಳ ಅಂತಸ್ತು, ನೆನೆದು ಭಾರವಾದ ಹಾಯಿ, ಬಿರುಗಾಳಿಯಲ್ಲಿ ಅಡ್ಡಮರದ ಮೇಲೆ ಹೊಟ್ಟೆಯೂರಿ ಹಾಯಿ ಸುತ್ತುವ ಕೈಗಳು, ಇವನ್ನು ಓದಿ ತಿಳಿಯುವುದೇ ಬೇರೆ, ಕಂಡು ತಿಳಿಯುವುದೇ ಬೇರೆ. ಆದರೆ ಇಲ್ಲಿಯೂ ಒಂದು ತೊಡಕಿದೆ. 1962ರ ಚಿತ್ರಕ್ಕಾಗಿ ಕೆನಡಾದ ಲುನೆನ್‌ಬರ್ಗಿನಲ್ಲಿ ಹೊಸ ಬೌಂಟಿಯನ್ನು ಕಟ್ಟಿದರು. ದೊಡ್ಡ ಕ್ಯಾಮೆರಾಗಳು ಓಡಾಡಲು ಸ್ಥಳ ಬೇಕೆಂದು ಮೂಲ ಹಡಗಿಗಿಂತ ಸುಮಾರು ಮೂರನೆಯ ಒಂದು ಭಾಗ ದೊಡ್ಡದಾಗಿ ಕಟ್ಟಿದರು. ಒಳಗೆ ಎಂಜಿನುಗಳನ್ನೂ ಇಟ್ಟರು. ನಿಜವಾದ ಬೌಂಟಿಯಲ್ಲಿ ಗಿಡಗಳು ಮನುಷ್ಯರನ್ನು ಒತ್ತರಿಸಿದ್ದವು. ಸಿನಿಮಾದ ಬೌಂಟಿಯಲ್ಲಿ ಕ್ಯಾಮೆರಾ ಆ ಇಕ್ಕಟ್ಟನ್ನೇ ಒತ್ತರಿಸಿತು. ಇಕ್ಕಟ್ಟು ಹೋದ ಮೇಲೆ ದಂಗೆಯ ಕಾರಣಗಳಲ್ಲಿ ಒಂದು ಹೋದಂತೆಯೇ.

ಇನ್ನು ಆ ದಂಗೆಕೋರರ ಕಥೆ. ಕ್ರಿಶ್ಚಿಯನ್ ಎಂಟು ಮಂದಿ ಜೊತೆಗಾರರು, ಪಾಲಿನೇಷಿಯದ ಆರು ಮಂದಿ ಗಂಡಸರು, ಸುಮಾರು ಹನ್ನೆರಡು ಮಂದಿ ಹೆಂಗಸರೊಡನೆ ಪಿಟ್‌ಕೇರ್ನ್ ಎಂಬ ನಿರ್ಜನ ದ್ವೀಪವನ್ನು ಸೇರಿದ. 1790ರ ಜನವರಿ 23ರಂದು ಹಡಗಿಗೆ ಬೆಂಕಿ ಬಿತ್ತು. 1935, 1962, 1984ರ ಮೂರು ಚಿತ್ರಗಳೂ ಪಿಟ್‌ಕೇರ್ನಿನ ಕಥೆಯನ್ನು ಹೆಚ್ಚುಕಡಿಮೆ ಆ ಬೆಂಕಿಯ ಬೆಳಕಿನಲ್ಲೇ ಮುಗಿಸಿಬಿಡುತ್ತವೆ. ದಬ್ಬಾಳಿಕೆಯಿಂದ ಓಡಿಬಂದವರು ಸ್ವಾತಂತ್ರ್ಯದ ನೆಲವನ್ನು ಮುಟ್ಟಿದರೆಂಬ ಭಾವ ನಮ್ಮಲ್ಲಿ ಉಳಿಯುತ್ತದೆ. ಆದರೆ ಆ ನೆಲವನ್ನು ಹೇಗೆ ಹಂಚಿಕೊಂಡರು? ಒಂಬತ್ತು ಮಂದಿ ಬಿಳಿಯರು ತಮ್ಮೊಳಗೆ ಒಂಬತ್ತು ಪಾಲು ಮಾಡಿಕೊಂಡರು. ಆರು ಮಂದಿ ದ್ವೀಪವಾಸಿಗಳಿಗೆ ಗೇಣು ನೆಲವೂ ಇಲ್ಲ. ಬಿಳಿಯರಿಗೆ ಒಬ್ಬೊಬ್ಬಳು ಹೆಂಡತಿ. ಆ ಆರು ಮಂದಿಗೆ ಮೂವರು. ಬಿಳಿಯನೊಬ್ಬನ ಹೆಂಡತಿ ಸತ್ತಾಗ ಅವರಲ್ಲೊಬ್ಬನ ಹೆಂಡತಿಯನ್ನೂ ಕಿತ್ತುಕೊಂಡರು. 1793ರಲ್ಲಿ ಎರಡನೆಯ ದಂಗೆ ಎದ್ದಿತು. ಕ್ರಿಶ್ಚಿಯನ್ ಸೇರಿ ಐದು ಮಂದಿ ಬಿಳಿಯರು ಕೊಲೆಯಾದರು. ಅದಕ್ಕೆ ಪ್ರತಿಯಾಗಿ ಆರು ಮಂದಿ ದ್ವೀಪವಾಸಿಗಳಲ್ಲಿ ಒಬ್ಬನೂ ಉಳಿಯಲಿಲ್ಲ. 1808ರಲ್ಲಿ ಅಮೆರಿಕದ ಹಡಗೊಂದು ಆಕಸ್ಮಿಕವಾಗಿ ಅಲ್ಲಿಗೆ ಬಂದಾಗ ಗಂಡಸರಲ್ಲಿ ಬದುಕಿದ್ದವನು ಜಾನ್ ಆಡಮ್ಸ್ ಒಬ್ಬನೇ. ಉಳಿದವರೆಲ್ಲ ಹೆಂಗಸರು, ಮಕ್ಕಳು.

ತೆಂಗಿನಕಾಯಿಗಾಗಿ ಕಳ್ಳನೆನಿಸಿಕೊಂಡು ದಂಗೆಯೆದ್ದವನು, ನೆಲವನ್ನೂ ಹೆಂಡತಿಯನ್ನೂ ಕಳೆದುಕೊಂಡವರ ದಂಗೆಯಲ್ಲಿ ಸತ್ತ. ಇದಕ್ಕಿಂತ ಗಂಭೀರವಾದ ನಾಟಕ ಬೇಕೆ? ಮೊದಲ ದಂಗೆಗೆ ಐದು ಚಿತ್ರಗಳು ಬಂದವು. ಎರಡನೆಯದಕ್ಕೆ ಆ ದೊಡ್ಡ ಚಿತ್ರಗಳಲ್ಲಿ ಒಂದು ಅಂಕವೂ ದೊರೆಯಲಿಲ್ಲ. ಅದನ್ನು ಕಂಡು ಬದುಕುಳಿದವಳೊಬ್ಬಳಿದ್ದಳು. ಟಹಿಟಿಯ ಆ ಹೆಂಗಸಿನ ಹೆಸರು ಟೆಹುಟೆಆಟುಆಒನೋಆ. ಹೆಸರು ನಾಲಗೆಗೆ ಒಗ್ಗದೆ ನಾವಿಕರು ಜೆನ್ನಿ ಎಂದು ಕರೆದರು. 1817ರಲ್ಲಿ ಅವಳು ದ್ವೀಪವನ್ನು ಬಿಟ್ಟು ಹೊರಬಂದಳು; ಅವಳು ಹೇಳಿದ ಕಥೆ 1819ರಲ್ಲಿ ಸಿಡ್ನಿಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬ್ಲೈಯ ಮಾತು, ಕ್ರಿಶ್ಚಿಯನ್ನನ ಅಣ್ಣನ ಮಾತು, ಹೇವುಡ್ಡನ ಮಾತು, ಎಲ್ಲವನ್ನೂ ಪರದೆ ಆಲಿಸಿದೆ. ಜೆನ್ನಿಯ ಮಾತು ಹಳೆಯ ಪತ್ರಿಕೆಯ ಪುಟದಲ್ಲೇ ಉಳಿದಿದೆ.

ಚಿತ್ರಕ್ಕಾಗಿ ಕಟ್ಟಿದ ಆ 1962ರ ಹಡಗಿನ ಕೊನೆಯನ್ನೂ ಹೇಳಬೇಕು. ಐವತ್ತು ವರ್ಷ ಅದು ಊರೂರು ಬಂದರುಗಳನ್ನು ಸುತ್ತಿ ಜನರನ್ನು ರಂಜಿಸಿತು. 2012ರ ಅಕ್ಟೋಬರ್ 29ರಂದು, ಸ್ಯಾಂಡಿ ಎಂಬ ಚಂಡಮಾರುತದಲ್ಲಿ, ಅಮೆರಿಕದ ಹ್ಯಾಟರಸ್ ಭೂಶಿರದ ಬಳಿ ಮುಳುಗಿತು. ಹದಿನಾರು ಮಂದಿಯಲ್ಲಿ ಹದಿನಾಲ್ವರನ್ನು ತೀರರಕ್ಷಣಾ ಪಡೆಯವರು ಉಳಿಸಿದರು. ಕಪ್ತಾನ ಸಿಕ್ಕಲಿಲ್ಲ. ತಾನು ಫ್ಲೆಚರ್ ಕ್ರಿಶ್ಚಿಯನ್ನನ ವಂಶದವಳೆಂದು ಹೇಳಿಕೊಂಡಿದ್ದ ನಾವಿಕೆಯೊಬ್ಬಳು ಸತ್ತಳು. ವೇಷ ತೊಟ್ಟ ಹಡಗಾದರೂ ಸಮುದ್ರ ಅದನ್ನು ನಿಜವಾದ ಹಡಗೆಂದೇ ಎಣಿಸಿತು.

ಕೊನೆಯದಾಗಿ ಆ ಗಿಡದ ಮಾತು. ಪ್ರಾವಿಡೆನ್ಸ್ ಎಂಬ ಹಡಗಿನಲ್ಲಿ ಬ್ಲೈ ಎರಡನೆಯ ಸಲ ಹೋಗಿ, 1793ರಲ್ಲಿ ಜೀಗುಜ್ಜೆಯ ಸಸಿಗಳನ್ನು ಸೇಂಟ್ ವಿನ್ಸೆಂಟಿಗೂ ಜಮೈಕಾಕ್ಕೂ ತಲುಪಿಸಿಯೇ ಬಿಟ್ಟ. ಇಷ್ಟೆಲ್ಲ ಜೀವಗಳನ್ನು ತೆತ್ತು ತಂದ ಆ ಹಣ್ಣು ಗುಲಾಮರಿಗೆ ರುಚಿಸಲಿಲ್ಲ. ಅವರು ಬಾಳೆಯನ್ನೇ ಬಯಸಿದರು. ಅದು ಅಲ್ಲಿಯ ಜನರ ಊಟದಲ್ಲಿ ನೆಲೆಗೊಳ್ಳಲು ಬಹಳ ಕಾಲ ಹಿಡಿಯಿತು. ಇಂದು ಜಮೈಕಾದ ಅಡುಗೆಮನೆಯಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಯಾರಿಗಾಗಿ ಆ ಹಡಗು ಹೊರಟಿತೋ ಆ ಗುಲಾಮರ ಮುಖ ಮಾತ್ರ ಈ ಕಥೆಯಲ್ಲಿ ನಮಗೆ ಕಾಣಸಿಗುವುದಿಲ್ಲ.

ಮುಂದೆಂದಾದರೂ ಹಾಯಿಹಡಗಿನ ಚಿತ್ರವೊಂದನ್ನು ನೋಡುವಾಗ, ಹಾಯಿಗಳ ಚೆಲುವನ್ನು ಸವಿಯೋಣ, ಬೇಡವೆನ್ನುವವರು ಯಾರು? ಕಪ್ತಾನ ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ: ಈ ಹಡಗಿನ ಒಡಲಲ್ಲಿ ಏನಿದೆ, ಅದು ಯಾರಿಗಾಗಿ ಹೋಗುತ್ತಿದೆ? ಇತಿಹಾಸವು ಹೆಚ್ಚಾಗಿ ಅಡಗಿರುವುದು ಹಡಗಿನ ಮೇಲುಗಡೆಯಲ್ಲಲ್ಲ, ಕ್ಯಾಮೆರಾ ಇಳಿಯದ ಆ ಕೆಳಗಿನ ಉಗ್ರಾಣದಲ್ಲಿ.